ಹುಲ್ಲಿನ ಮೇಲೆ ಎರಡು ಹಿಮ್ಮಡಿ

ತನಿಖಾಧಿಕಾರಿ ಗಡಿಬಿಡಿಯ ಬಲಗೈ ಮಣಿಕಟ್ಟಿನವರೆಗೆ ನೆಲದೊಳಗಿತ್ತು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಮೊಸರು ಸಿಕ್ತಾ ಮೇಡಮ್ಮಾ?" ಎಂದು ಮೈದಾನದ ಹುಲ್ಲು ನೋಡಿಕೊಳ್ಳುವ ಹುಲ್ಲಜ್ಜ ಹಿಂದಿನಿಂದ ಕೇಳಿದ. ಅವನ ಎರಡೂ ಕೈ ಸೈಕಲ್ಲಿನ ಹ್ಯಾಂಡಲ್ ಮೇಲಿದ್ದವು.

"ಸಿಕ್ತು ಅಜ್ಜ. ಬೇಡಾಗಿತ್ತು, ಆದ್ರೂ ಸಿಕ್ತು."

ಅವಳು ಕೈ ಹೊರಗೆಳೆದು ಮುಷ್ಟಿ ಬಿಚ್ಚಿದಳು. ಸಡಿಲವಾದ ಕಪ್ಪು ಮಣ್ಣು. ಅದರಲ್ಲಿ ಬೇರಿನ ಒಂದೇ ಒಂದು ಎಳೆಯೂ ಇಲ್ಲ. ಇಪ್ಪತ್ತೈದು ವರ್ಷದಿಂದ ಹುಲ್ಲು ಬೆಳೆದ ನೆಲದಲ್ಲಿ ಬೇರಿಲ್ಲದ ಮಣ್ಣು ಸಿಕ್ಕಿತೆಂದರೆ ಅದನ್ನು ಯಾರೋ ಈಚೆಗೆ ಅಗೆದು ತುಂಬಿದ್ದಾರೆ ಎಂದೇ ಅರ್ಥ. ಎರಡು ಗೇಣು ಅಗಲದ ಆ ಮೆತ್ತನೆಯ ಪಟ್ಟಿ ಮೈದಾನದ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ಹೋಗಿತ್ತು. ಮೇಲೆ ಹಾಸಿದ್ದ ಹುಲ್ಲು ಮಾತ್ರ ಅಕ್ಕಪಕ್ಕದ ಹುಲ್ಲಿನಷ್ಟೇ ಹಸಿರಾಗಿತ್ತು.

ನಾಲ್ಕು ದಿನದ ಹಿಂದೆ ಇದೇ ಜಾಗದಲ್ಲಿ ತರಬೇತಿ ಶಾಲೆಯ ಹೆಲಿಕಾಪ್ಟರ್ ಮಗ್ಗುಲಿಗೆ ಉರುಳಿತ್ತು. ಕಲಿಯುತ್ತಿದ್ದ ಹುಡುಗಿಗೆ ತರಚು ಗಾಯ, ಕಲಿಸುತ್ತಿದ್ದ ಮೇಷ್ಟ್ರಿಗೆ ಹೆಗಲು ಮತ್ತು ಪಕ್ಕೆಲುಬು ಮುರಿತ. "ತಪ್ಪು ನನ್ನ ಕೈಯದು, ಲಿವರ್ ಬೇಗ ಇಳಿಸಿಬಿಟ್ಟೆ" ಎಂದು ಮೇಷ್ಟ್ರು ತಾವೇ ಬರೆದುಕೊಟ್ಟಿದ್ದರು. ಆ ಹೇಳಿಕೆ ಇವತ್ತು ಸಂಜೆ ಐದು ಗಂಟೆಗೆ ತನಿಖಾ ಸಮಿತಿಯ ಮುಂದೆ ಹೋಗಬೇಕು. ಹೋದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಆ ಹೇಳಿಕೆಯನ್ನು ಗಡಿಬಿಡಿ ಎಳ್ಳಷ್ಟೂ ನಂಬಿರಲಿಲ್ಲ. ಈಗ ನಲವತ್ತಮೂರರ ತನಿಖಾಧಿಕಾರಿಯಾಗಿದ್ದರೂ ಒಂದು ಕಾಲಕ್ಕೆ ಅವಳೂ ಇದೇ ಮೇಷ್ಟ್ರ ಪಕ್ಕದಲ್ಲಿ ಕೂತು ಕಲಿತವಳು. ಈ ಹೆಸರನ್ನು ಇಟ್ಟವರೂ ಅವರೇ. ಇಲಾಖೆಯಲ್ಲಿ ಅವಳಷ್ಟು ನಿಧಾನದ ಅಧಿಕಾರಿ ಬೇರೆ ಇಲ್ಲ, ಆದರೂ ಹೆಸರು ಅಂಟಿಕೊಂಡದ್ದು ಬಿಡಲೇ ಇಲ್ಲ.

ಹೆಲಿಕಾಪ್ಟರ್ ಸಾಮಾನ್ಯವಾಗಿ ಗಾಳಿಯಲ್ಲಿ ನಿಂತು ನೆಟ್ಟಗೆ ಇಳಿಯುತ್ತದೆ. ಬಾಲದ ಪುಟ್ಟ ಫ್ಯಾನು ಕೆಟ್ಟರೆ ಹಾಗೆ ನಿಲ್ಲುವಂತಿಲ್ಲ, ನಿಂತರೆ ಬುಗುರಿಯಾಗಿ ಸುತ್ತಿಬಿಡುತ್ತದೆ. ಆಗ ವೇಗದಲ್ಲೇ ಬಂದು, ಹೊಟ್ಟೆಯ ಕೆಳಗಿನ ಎರಡು ಉದ್ದ ಕಂಬಿಗಳನ್ನು ನೆಲಕ್ಕೆ ತಾಗಿಸಿ, ಜಾರುತ್ತ ಜಾರುತ್ತ ನಿಲ್ಲಬೇಕು. ಇದಕ್ಕೆ ರನ್ನಿಂಗ್ ಲ್ಯಾಂಡಿಂಗ್ ಎನ್ನುತ್ತಾರೆ. ಜಾರುವಾಗ ನೆಲ ಎಲ್ಲಿಯೂ ಹಿಡಿದುಕೊಳ್ಳಬಾರದು. ಒಂದು ಕಂಬಿಯ ಮೂತಿ ಹೂತುಕೊಂಡರೆ ಸಾಕು, ಯಂತ್ರ ಆ ಕಡೆಗೇ ಉರುಳುತ್ತದೆ. ಅದನ್ನು ಅಭ್ಯಾಸ ಮಾಡುವಾಗ ಈ ಮೈದಾನದಲ್ಲಿ ಆದದ್ದೂ ಅದೇ. ಎಂಬತ್ತು ಹೆಜ್ಜೆ ದೂರ ಎರಡೂ ಕಂಬಿಗಳ ಗೆರೆ ನೇರವಾಗಿ, ತೆಳ್ಳಗೆ ಓಡಿತ್ತು. ಮೆತ್ತನೆಯ ಪಟ್ಟಿ ಸಿಕ್ಕ ಜಾಗದಲ್ಲಿ ಎಡಗೆರೆ ಒಂದೇ ಸಲಕ್ಕೆ ಆಳಕ್ಕಿಳಿದು ಮುಗಿದಿತ್ತು.

"ಇದು ಕೈಯ ತಪ್ಪಲ್ಲ ಅಜ್ಜ. ನೆಲದ ತಪ್ಪು."

"ರಜದ ಎರಡು ದಿನ ನಾನು ಮಗಳ ಮನೇಲಿದ್ದೆ," ಎಂದ ಹುಲ್ಲಜ್ಜ. "ಆಗಲೇ ಯಾರೋ ಪೈಪ್ ಹಾಕಿದಾರೆ. ಹುಲ್ಲನ್ನ ಚಾಪೆ ಸುತ್ತಿದ ಹಾಗೆ ಸುತ್ತಿಟ್ಟು, ಮತ್ತೆ ಬಿಚ್ಚಿ ಹಾಸಿದಾರೆ. ಹೇಳೋಕೆ ಒಂದು ಬಾಯಿ ಇರ್ಲಿಲ್ವಾ ನಮ್ಮ ಶಾಲೆ ಮ್ಯಾನೇಜರಿಗೆ?"

"ಆ ಬಾಯಿನ ನಾಳೆ ಬಿಡಿಸ್ತೀನಿ. ಇವತ್ತಿನ ಪ್ರಶ್ನೆ ಬೇರೆ. ಅಗೆದವರು ಅಗೆದ್ರು. ಇಳಿಯಬಹುದು ಅಂತ ಬರೆದವರು ಯಾರು?"

ಹುಲ್ಲಜ್ಜ ಸೈಕಲ್ಲಿನ ಗಂಟೆಯನ್ನು ತೋಳಿನಿಂದ ಒರೆಸತೊಡಗಿದ.

ಆ ಶಾಲೆಯಲ್ಲಿ ಬೆಳಗ್ಗೆ ಎರಡು ಪರೀಕ್ಷೆ ಮುಗಿಯದೆ ಯಂತ್ರ ಮೇಲೇಳುತ್ತಿರಲಿಲ್ಲ. ಎರಡನ್ನೂ ನಿಯಮ ಮಾಡಿದವರು ಮೇಷ್ಟ್ರು. ಮೊದಲನೆಯದು ಸೈಕಲ್ಲಿನದು. ಮುಂದಿನ ಬುಟ್ಟಿಯಲ್ಲಿ ಸ್ಟೀಲ್ ಲೋಟ ಇಟ್ಟು, ಕಂಠಮಟ್ಟ ನೀರು ತುಂಬಿ, ಹುಲ್ಲಜ್ಜ ಮೈದಾನದ ಉದ್ದಕ್ಕೂ ತುಳಿಯಬೇಕು. ನೀರು ಚೆಲ್ಲಿದರೆ ಗುಂಡಿಯೋ ದಿಬ್ಬವೋ ಇದೆ ಎಂದರ್ಥ. ಎರಡನೆಯದು ಹಿಮ್ಮಡಿಯದು. ಹತ್ತು ಹೆಜ್ಜೆಗೊಮ್ಮೆ ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನೋಡಬೇಕು. ಸೈಕಲ್ಲಿಗೆ ಏರಿಳಿತ ಗೊತ್ತಾಗುತ್ತದೆ, ಮೆತ್ತಗಿರುವುದು ಗೊತ್ತಾಗುವುದಿಲ್ಲ. ಆ ಕೆಲಸ ಮೇಷ್ಟ್ರದು. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಬಾವುಟದ ಕಂಬಕ್ಕೆ ನೇತುಹಾಕಿದ್ದ ತಗಡಿನ ಡಬ್ಬಿಯಿಂದ ಗಡಿಬಿಡಿ ಪುಸ್ತಕ ತೆಗೆದಳು. ಆ ದಿನದ ಸಾಲಿನಲ್ಲಿ ಹುಲ್ಲಜ್ಜನ ದುಂಡು ಅಕ್ಷರ: ನೀರು ಚೆಲ್ಲಲಿಲ್ಲ. ಪಕ್ಕದಲ್ಲಿ ಮೇಷ್ಟ್ರ ಓಟದ ಅಕ್ಷರ: ಗಟ್ಟಿ.

ಅವಳು ಮತ್ತೆ ಮಂಡಿಯೂರಿ, ಹುಲ್ಲಿಗೆ ಕೆನ್ನೆ ತಾಗುವಷ್ಟು ಬಗ್ಗಿದಳು. ಮೊದಲ ಮೂರು ದಿನ ಉರುಳಿಬಿದ್ದ ಯಂತ್ರದ ಮುಂದೆಯೇ ಕಳೆದಿತ್ತು. ಮೆಕ್ಯಾನಿಕ್‌ನನ್ನು ಹಿಂಡಿ ಹಿಪ್ಪೆ ಮಾಡಿ, ಕೊನೆಗೆ ಅವನಲ್ಲಿ ತಪ್ಪಿಲ್ಲ ಎಂದು ಗೊತ್ತಾಗಿ ಕ್ಷಮೆ ಕೇಳಿಯೂ ಆಗಿತ್ತು. ನೆಲವನ್ನು ಹೀಗೆ ಹತ್ತಿರದಿಂದ ನೋಡುತ್ತಿದ್ದುದು ಇವತ್ತೇ. ಅಪಘಾತವಾದ ಕೂಡಲೆ ಹಗ್ಗ ಕಟ್ಟಿದ್ದರು, ಹನಿ ನೀರೂ ಬಿದ್ದಿರಲಿಲ್ಲ, ಹಾಗಾಗಿ ಗುರುತುಗಳೆಲ್ಲ ಇದ್ದ ಹಾಗೇ ಇದ್ದವು.

ಹತ್ತು ಹೆಜ್ಜೆಗೊಂದು ಹಿಮ್ಮಡಿ ಗುರುತು. ಅಗಲವಾದ ಬೂಟು, ಗಟ್ಟಿ ನೆಲದಲ್ಲಿ ಉಗುರಿನಷ್ಟೇ ಆಳ. ಒಂದು ಗುರುತು ಸರಿಯಾಗಿ ಆ ಮೆತ್ತನೆಯ ಪಟ್ಟಿಯ ಮೇಲೆಯೇ ಬಿದ್ದಿತ್ತು. ಅದು ಎರಡು ಬೆರಳು ಆಳ.

ಅಂದರೆ ಮೇಷ್ಟ್ರು ಇಲ್ಲಿ ಹಿಮ್ಮಡಿ ಒತ್ತಿದ್ದಾರೆ. ಅದು ಹೂತಿದೆ. ಆದರೂ ಹೋಗಿ ಗಟ್ಟಿ ಎಂದು ಬರೆದಿದ್ದಾರೆ.

ಅವಳು ಆಳವನ್ನು ಬೆರಳಿಟ್ಟು ಇನ್ನೊಮ್ಮೆ ಅಳೆದಳು. ಆಮೇಲೆ ಕಣ್ಣು ಇನ್ನೊಂದನ್ನು ಕಂಡಿತು. ಪ್ರತಿ ಹಿಮ್ಮಡಿಯ ಪಕ್ಕದಲ್ಲೂ, ಒಂದು ಗೇಣು ಬಿಟ್ಟು, ಇನ್ನೊಂದು ಹಿಮ್ಮಡಿ. ಚಿಕ್ಕದು, ಕಿರಿದಾದದ್ದು. ಪಟ್ಟಿಯ ಮೇಲೆ ಅದು ಮೂರು ಸಲ, ಒಂದರ ಪಕ್ಕ ಒಂದು, ಒತ್ತಿ ಒತ್ತಿ ನೋಡಿದ ಹಾಗೆ ಬಿದ್ದಿತ್ತು.

"ಅಜ್ಜ, ಮೇಷ್ಟ್ರ ಹಿಂದೆ ಇನ್ಯಾರು ನಡೆದದ್ದು?"

"ನನ್ನ ಕೆಲಸ ಹುಲ್ಲು ನೋಡೋದು ಮೇಡಮ್ಮಾ. ಹೆಜ್ಜೆ ನೋಡೋದಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಕಳ್ಳ ಅಂತಾನೂ ಅಂದಿಲ್ಲ, ನೀವಾಗಲೇ ಹೆಗಲು ಮುಟ್ಕೊಂಡ್ರಿ."

ಹುಲ್ಲಜ್ಜನ ಮುಖ ಸಣ್ಣದಾಯಿತು. "ಮಾತು ಕೊಟ್ಟಿದೀನಿ ತಾಯಿ. ಕೊಟ್ಟ ಮಾತು ಮುರಿಯೋ ವಯಸ್ಸಲ್ಲ ನನ್ನದು. ನೀನೇ ಕಂಡುಹಿಡಿದ್ರೆ ನನ್ನ ತಪ್ಪಿಲ್ಲ," ಎಂದು ಸೈಕಲ್ ಹತ್ತಿ ಹೊರಟೇಬಿಟ್ಟ.

ಮೇಡಮ್ಮ ಹೋಗಿ ತಾಯಿ ಆಗಿದ್ದನ್ನು ಗಡಿಬಿಡಿ ಗಮನಿಸಿದಳು. ಬಾಯಿಗೆ ಬೀಗ ಹಾಕಿಕೊಂಡವನಿಗೆ ಕೀಲಿ ಜೇಬಲ್ಲೇ ಇತ್ತು, ತೆಗೆಯಲು ಮನಸ್ಸಿರಲಿಲ್ಲ.

* * *

ಮೇಷ್ಟ್ರಿದ್ದ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನರ್ಸು ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನಡಿಯಿಂದ ಕಾಲಲ್ಲೇ ನೂಕಿದಳು.

"ರೋಗಿ ಕಡೆಯವರು ತಾನೆ? ಈ ಬೂಟು ತಗೊಂಡ್ ಹೋಗಿ. ನಾಲ್ಕು ದಿನದಿಂದ ನಮ್ಮ ಮೂಗು ಹಿಡಿಸ್ತಿದೆ."

ಗಡಿಬಿಡಿ ಹಜಾರದ ಬೆಂಚಿನ ಮೇಲೆ ಕೂತು ಚೀಲ ಬಿಚ್ಚಿದಳು. ಬೆಲ್ಟು, ಸಾಕ್ಸು, ಬೂಟು. ಬಲಗಾಲಿನದು ಖಾಲಿ. ಎಡಗಾಲಿನದನ್ನು ತಲೆಕೆಳಗು ಮಾಡಿದಾಗ ಒಳಗೇನೋ ಕದಲಿತು, ಬೀಳಲಿಲ್ಲ. ಬೆರಳು ಹಾಕಿ ಎಬ್ಬಿಸಿದಳು. ಕಡಲೆಕಾಳಿನಷ್ಟು ದಪ್ಪದ, ಮೂರು ಮೂಲೆಯ ಚೂಪು ಜಲ್ಲಿಕಲ್ಲು.

ಒಳಹಾಸಿನಲ್ಲಿ ಆ ಕಲ್ಲು ತನಗೊಂದು ಗೂಡು ಕೊರೆದುಕೊಂಡಿತ್ತು. ಸಾಕ್ಸಿನಲ್ಲಿ ಅದೇ ಜಾಗಕ್ಕೆ ತೂತು, ತೂತಿನ ಸುತ್ತ ಒಣಗಿದ ಕಂದು ಕಲೆ. ಇದು ಒಂದು ದಿನದ ಕೆಲಸವಲ್ಲ, ವಾರವಾದರೂ ಆಗಿರಬೇಕು.

ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೆ ಮನೆ ತಲೆ ಮೇಲೆ ಹೊತ್ತುಕೊಳ್ಳುವ ಮನುಷ್ಯ, ಬೂಟಿನಲ್ಲಿ ಇಂಥದ್ದನ್ನು ಇಟ್ಟುಕೊಂಡು ವಾರವೆಲ್ಲ ಹೇಗೆ ಓಡಾಡಿದ? ಉತ್ತರ ಹೊಳೆಯಿತು. ಹೊಳೆದದ್ದು ಸುಳ್ಳಾಗಲಿ ಎಂದುಕೊಂಡು ಅವಳು ಕಲ್ಲನ್ನು ಬಲಮುಷ್ಟಿಯಲ್ಲಿ ಹಿಡಿದು ವಾರ್ಡಿನೊಳಗೆ ಹೋದಳು.

"ಬಂದ್ಯಾ ಗಡಿಬಿಡಿ," ಎಂದರು ಮೇಷ್ಟ್ರು. ಎಡ ಹೆಗಲಿಂದ ಸೊಂಟದವರೆಗೆ ಪಟ್ಟಿ ಕಟ್ಟಿದ್ದರು. "ಮೊದಲು ಇದು ಇಟ್ಕೋ, ಇಲ್ಲಾಂದ್ರೆ ಮರೀತೀನಿ."

ದಿಂಬಿನ ಕೆಳಗಿಂದ ತೆಗೆದದ್ದು ನಾಲ್ಕು ಮಡಿಕೆ ಮಾಡಿದ ಹಳದಿ ಕರವಸ್ತ್ರ. ಮೂಲೆಯಲ್ಲಿ ದಾರದಲ್ಲಿ ಹೊಲಿದ ಪುಟ್ಟ ಹೂವು. ಮಡಿಕೆಯೊಳಗೆ ಮಣ್ಣು ಮೆತ್ತಿದ ಒಂದು ಹೇರ್‌ಪಿನ್ನು.

"ಷರ್ಟು ಕತ್ತರಿಸಿ ತೆಗೆದ್ರಂತೆ. ಜೇಬಲ್ಲಿದ್ದದ್ದನ್ನ ನರ್ಸಮ್ಮ ಇವತ್ತು ಕೊಟ್ಟಳು. ನಿಮ್ಮ ಅಕ್ಕನಿಗೆ ತಲುಪಿಸು. ಬೀಳಿಸೋದು ಅವಳ ಕೆಲಸ, ಆರಿಸೋದು ನನ್ನ ಕೆಲಸ. ಮದುವೆಯಾದಾಗಿಂದ, ಮೂವತ್ತು ವರ್ಷದಿಂದ ಇದೇ ಆಯ್ತು."

"ನೀವೇ ಕೊಡಬಹುದಲ್ಲ ಮೇಷ್ಟ್ರೇ. ಕೆಳಗೇ ಇದಾರೆ."

"ನಾನು ಕೊಟ್ರೆ, ಈ ಸ್ಥಿತೀಲೂ ಇದನ್ನ ಜೋಪಾನ ಮಾಡಿದ್ರಾ ಅಂತ ಅಳೋಕೆ ಶುರು ಮಾಡ್ತಾಳೆ. ನೀನು ಕೊಡು."

ಗಡಿಬಿಡಿ ಅದನ್ನು ಚೀಲಕ್ಕೆ ಹಾಕಿಕೊಂಡಳು. ಅವಳ ಮನಸ್ಸೆಲ್ಲ ಕಲ್ಲಿನ ಮೇಲಿತ್ತು. ಮಂಚದ ಕಾಲ ಬುಡದಲ್ಲಿ, ಹೊದಿಕೆಯ ಅಂಚಿಗೆ ಕೂತಳು.

"ಕಿಟಕಿಯಾಚೆ ನೋಡು," ಎಂದರು ಮೇಷ್ಟ್ರು. ಮುಖದಲ್ಲಿ ಹಳೆಯ ತುಂಟತನ ಇಣುಕಿತು. "ಬಾಲದ ಫ್ಯಾನ್ ನಿಂತಿದೆ. ಎಲ್ಲಿ ಇಳೀತೀಯ?"

ಇದು ಅವರ ಆಟ. ಜೀಪಿನಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿಬಿಡುತ್ತಿದ್ದರು. ಉಳುಮೆ ಮಾಡಿದ ಹೊಲ ಅಂದರೆ, ಸಾಲು ಅಡ್ಡ ಸಿಕ್ಕರೆ ಗತಿಯೇನು ಎಂದು ಗದರುವರು. ಮರಳು ಅಂದರೆ ತಲೆ ಚಚ್ಚಿಕೊಳ್ಳುವರು. ಒಣಗಿದ ಕೆರೆಯಂಗಳ ಅಂದರೆ, ಮೇಲೆ ಹಪ್ಪಳ ಕೆಳಗೆ ಕೆಸರು ಎಂದು ನಗುವರು. ಬೆಳ್ಳಗಿರೋದೆಲ್ಲ ಹಾಲಲ್ಲ, ಹಸಿರಾಗಿರೋದೆಲ್ಲ ಹಾಸಿಗೆಯಲ್ಲ ಎಂಬುದು ಅವರ ಮಾತು.

"ಆ ಆಟದ ಮೈದಾನ," ಎಂದಳು.

"ಗೋಲ್ ಕಂಬ?"

"ಕಂಬದ ಈಚೆ ಜಾಗ ಸಾಕು. ತಂತಿ ಇಲ್ಲ. ಗಾಳಿ ಎದುರಿಂದ ಇದೆ."

"ನೆಲ ಮೆತ್ತಗಿದ್ರೆ?"

"ಮಕ್ಕಳು ಚೆಂಡು ಆಡ್ತಿದಾರೆ. ಚೆಂಡು ಎತ್ತರಕ್ಕೆ ಪುಟೀತಿದೆ. ಅಲ್ಲಿ ಗಟ್ಟಿ."

"ಮತ್ತೆ ಮಕ್ಕಳು?"

"ಒಂದು ಸುತ್ತು ತಗ್ಗಲ್ಲಿ ಹಾರ್ತೀನಿ, ಸದ್ದಿಗೆ ಓಡ್ತಾರೆ. ಓಡದಿದ್ರೆ ಕಾಲುವೆ ಪಕ್ಕದ ರಸ್ತೆ."

ಮೇಷ್ಟ್ರಿಗೆ ಖುಷಿಯಾಯಿತು. ಖುಷಿಗೆ ಉಸಿರು ಜೋರಾಗಿ ಎಳೆದು, ಪಕ್ಕೆ ನೋವಿಗೆ ಮುಖ ಕಿವುಚಿದರು. ಆ ಮುಖ ನೋಡಿ ಗಡಿಬಿಡಿಗೆ ಎದ್ದು ಹೋಗಿಬಿಡೋಣ ಎನ್ನಿಸಿತು. ಈ ಮನುಷ್ಯ ತನಗೆ ಹಾರುವುದನ್ನು ಕಲಿಸಿದ್ದ, ಅಪ್ಪ ಸತ್ತ ವರ್ಷ ಅಪ್ಪನ ಜಾಗದಲ್ಲಿ ನಿಂತಿದ್ದ. ಅವನ ಮುಂದೆ ಈ ಕೆಲಸ ಮಾಡುವುದಕ್ಕೆ ಅವಳಿಗೆ ಇಷ್ಟವಿರಲಿಲ್ಲ.

ಬಲಗೈ ಮುಂದೆ ಮಾಡಿ, ಕಲ್ಲನ್ನು ಅವರ ಅಂಗೈಯಲ್ಲಿಟ್ಟಳು.

"ಏನಿದು?"

"ನಿಮ್ಮ ಎಡಗಾಲಿನ ಬೂಟಲ್ಲಿತ್ತು. ಒಂದು ವಾರದಿಂದ."

"ಇದ್ದಿರಬಹುದು. ನನಗೇನು ಗೊತ್ತು?"

"ಅದನ್ನೇ ಕೇಳ್ತಿರೋದು ಮೇಷ್ಟ್ರೇ. ನಿಮಗೆ ಯಾಕೆ ಗೊತ್ತಾಗ್ಲಿಲ್ಲ?"

ಮೇಷ್ಟ್ರು ಕಲ್ಲನ್ನು ಮುಚ್ಚಿಕೊಂಡರು. "ದಪ್ಪ ಚರ್ಮ. ಮೂವತ್ತು ವರ್ಷ ಬೂಟು ಹಾಕಿದೀನಿ."

"ಹುಲ್ಲಲ್ಲಿ ನಿಮ್ಮ ಹಿಮ್ಮಡಿ ಎರಡು ಬೆರಳು ಹೂತಿದೆ. ನೀವು ಗಟ್ಟಿ ಅಂತ ಬರೆದಿದೀರಿ."

"ಮಾತಾಡ್ತಾ ಇದ್ದೆ, ಗಮನ ಇರ್ಲಿಲ್ಲ."

"ಮೇಷ್ಟ್ರೇ."

"ಏನು?"

"ನಾನು ಬಂದು ಕೂತಾಗಿಂದ ನನ್ನ ಎಡಗೈ ಎಲ್ಲಿದೆ ನೋಡಿ."

ಮೇಷ್ಟ್ರು ಕತ್ತು ಎತ್ತಿ ನೋಡಿದರು. ಅವಳ ಎಡಗೈ ಹೊದಿಕೆಯ ಕೆಳಗಿತ್ತು. ಅವಳು ಹೊದಿಕೆ ಸರಿಸಿದಳು. ಅವರ ಪಾದದ ಹೆಬ್ಬೆರಳನ್ನು ಅವಳು ಬಿಗಿಯಾಗಿ, ಉಗುರು ಕಂತುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಇಬ್ಬರೂ ಆ ಬೆರಳನ್ನೇ ನೋಡಿದರು. ಕೆಳಗಿನ ಮೈದಾನದಿಂದ ಮಕ್ಕಳ ಕೂಗು ಕೇಳಿಸುತ್ತಿತ್ತು.

"ಎಷ್ಟು ದಿನ ಆಯ್ತು?" ಎಂದು ಅವಳು ಕೇಳಿದಳು.

"ಎಂಟು ತಿಂಗಳು. ಸಕ್ಕರೆ ಕಾಯಿಲೆ. ಮೊದಲು ಬೆರಳು ಮರಗಟ್ಟಿತು, ಆಮೇಲೆ ಹಿಮ್ಮಡಿ. ಬಾಲ ತಿರುಗಿಸೋ ಪೆಡಲ್ಲನ್ನ ಮಂಡಿಯಿಂದ ಅಂದಾಜು ಮಾಡಿ ಒತ್ತುತ್ತಿದ್ದೆ. ವರ್ಷಕ್ಕೊಂದ್ಸಲ ಡಾಕ್ಟ್ರು ಕಣ್ಣು ನೋಡ್ತಾರೆ, ಎದೆ ನೋಡ್ತಾರೆ. ಪಾದಕ್ಕೆ ಕೈ ಹಾಕೋರು ಯಾರು?"

"ಹೇಳಿ ಬಿಟ್ಬಿಡಬಹುದಿತ್ತಲ್ಲ."

"ಬಿಟ್ಟು ಏನು ಮಾಡ್ಲಿ? ಮನೇಲಿ ಕೂತು ಗೋಡೆಗೆ ಇಳಿಯೋದು ಹೇಳಿಕೊಡ್ಲಾ?" ಅವರು ನಗಲು ನೋಡಿದರು, ಆಗಲಿಲ್ಲ. "ಈ ಬ್ಯಾಚ್ ಒಂದು ಮುಗೀಲಿ ಅಂದ್ಕೊಂಡೆ. ದುರಾಸೆ ಕಣೆ. ಬೇರೇನೂ ಅಲ್ಲ."

ಅವಳ ಕೈಯನ್ನು ತಮ್ಮ ಬಲಗೈಯಿಂದ ಹಿಡಿದುಕೊಂಡರು.

"ಕೇಳು. ಕೈ ತಪ್ಪಿತು ಅಂತ ಬರೆದ್ರೆ ಅದು ಒಂದು ದಿನದ ತಪ್ಪು, ನನ್ನೊಬ್ಬನದು. ಕಾಲು ಸತ್ತಿತ್ತು ಅಂತ ಬರೆದ್ರೆ ಎಂಟು ತಿಂಗಳ ತಪ್ಪು. ಆ ಎಂಟು ತಿಂಗಳಲ್ಲಿ ಹತ್ತೊಂಬತ್ತು ಮಕ್ಕಳಿಗೆ ಪಾಸ್ ಅಂತ ಸಹಿ ಹಾಕಿದೀನಿ. ಎಲ್ಲರ ಲೈಸೆನ್ಸೂ ವಾಪಸ್ ಕೇಳ್ತಾರೆ. ಆವತ್ತು ನನ್ನ ಜೊತೆ ಇದ್ದ ಹುಡುಗಿ ಮುಂದಿನ ತಿಂಗಳು ಆಂಬುಲೆನ್ಸ್ ಹೆಲಿಕಾಪ್ಟರಿಗೆ ಸೇರ್ತಾಳೆ. ಚೆನ್ನಾಗಿ ಹಾರಿಸ್ತಾಳೆ. ಅವರ್ಯಾರಿಗೂ ನನ್ನ ಕಾಲಿನ ಪಾಪ ತಟ್ಟಬಾರದು. ನನ್ನ ಹೇಳಿಕೆ ಹಾಗೇ ಹೋಗ್ಲಿ."

"ಅವರನ್ನ ಇನ್ನೊಬ್ಬರು ಮತ್ತೆ ಪರೀಕ್ಷೆ ಮಾಡ್ತಾರೆ, ನೀವು ಕಲಿಸಿದವರು ತಾನೆ, ಪಾಸಾಗ್ತಾರೆ. ಆದ್ರೆ ಮೆತ್ತಗಿರೋದನ್ನ ಗಟ್ಟಿ ಅಂತ ನಾನು ಬರೀಲಾರೆ ಮೇಷ್ಟ್ರೇ. ಬರೀಬಾರದು ಅಂತ ಹೇಳಿಕೊಟ್ಟವರು ನೀವೇ."

ಮೇಷ್ಟ್ರ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಹಾಗಾದ್ರೆ ಒಂದು ನಡೆಸಿಕೊಡು. ನಿಮ್ಮ ಅಕ್ಕನಿಗೆ ನಾನೇ ಹೇಳೋವರೆಗೂ ನೀನು ಹೇಳಬೇಡ. ಅವಳಿಗೆ ಕಾಲಿನ ವಿಷಯ ಏನೂ ಗೊತ್ತಿಲ್ಲ. ಗೊತ್ತಾದ್ರೆ ಎದೆ ಒಡ್ಕೋತಾಳೆ."

"ಆಯ್ತು. ಒಂದೇ ಒಂದು ಪ್ರಶ್ನೆ. ಬೆಳಗ್ಗೆ ನಿಮ್ಮ ಹಿಂದೆ ಯಾರು ನಡೀತಾರೆ?"

"ಯಾರೂ ಇಲ್ಲ. ಅವಳೇ ಬರ್ತಾಳೆ, ಫ್ಲಾಸ್ಕ್ ಹಿಡ್ಕೊಂಡು. ದಿನಾ ನಡೀಬೇಕು ಅಂತ ಡಾಕ್ಟ್ರು ಹೇಳಿದಾರಂತೆ."

"ಯಾವಾಗಿಂದ?"

ಮೇಷ್ಟ್ರು ಲೆಕ್ಕ ಹಾಕಿದರು. "ಒಂದು ಏಳೆಂಟು ತಿಂಗಳಾಯ್ತೇನೋ," ಎಂದರು. ಹೇಳಿದ ಮೇಲೂ ಅವರಿಗೆ ಏನೂ ಹೊಳೆದ ಹಾಗಿರಲಿಲ್ಲ.

* * *

ಅಕ್ಕ ನೆಲಮಹಡಿಯ ನಲ್ಲಿಯ ಹತ್ತಿರ ಫ್ಲಾಸ್ಕ್ ತೊಳೆಯುತ್ತಿದ್ದರು. ಮೇಷ್ಟ್ರ ಹೆಂಡತಿಯನ್ನು ಶಾಲೆಯ ಎಲ್ಲ ಮಕ್ಕಳೂ ಅಕ್ಕ ಎಂದೇ ಕರೆಯುತ್ತಿದ್ದರು. ಅರವತ್ತರ ಹತ್ತಿರದ, ಹಕ್ಕಿಯಷ್ಟು ಹಗುರದ ಹೆಂಗಸು. ಗಡಿಬಿಡಿಯ ಕಣ್ಣು ಮೊದಲು ಹೋದದ್ದು ಅವರ ಚಪ್ಪಲಿಗೆ. ಚಿಕ್ಕ, ಕಿರಿದಾದ ಹಿಮ್ಮಡಿ.

"ಅಕ್ಕ, ನಿಮಗೊಂದು ವಸ್ತು ಕೊಡೋದಿದೆ. ಅದಕ್ಕೆ ಮುಂಚೆ ಒಂದು ಮಾತು ಕೇಳ್ಬೇಕು."

"ಕೇಳು. ಮೊದಲು ಕೂತ್ಕೋ. ಮುಖ ನೋಡು ಹೇಗಾಗಿದೆ, ಊಟ ಮಾಡಿದ್ಯಾ?"

"ಮೇಷ್ಟ್ರ ಹಿಂದೆ ನೀವು ನಡೆಯೋದು ಗಾಳಿ ಸೇವನೆಗಲ್ಲ ಅಲ್ವಾ?"

ಫ್ಲಾಸ್ಕಿನ ಮುಚ್ಚಳ ಅಕ್ಕನ ಕೈಯಿಂದ ಜಾರಿ ಉರುಳಿತು. ಗಡಿಬಿಡಿ ಎತ್ತಿಕೊಟ್ಟಳು. ಅಕ್ಕ ಅದನ್ನು ಎರಡು ಸಲ ತಿರುಗಿಸಿ ಹಾಕಿ, ಬೆಂಚಿನ ಮೇಲೆ ಕೂತರು.

"ಬಿಸಿನೀರಿನ ಬಕೆಟ್ಟಿಗೆ ಕಾಲಿಟ್ಟಿದ್ರು. ಹಬೆ ಏಳ್ತಾ ಇತ್ತು ಕಣೆ. ಅವರು ಹಾಡು ಗುನುಗ್ತಾ ನಿಂತಿದ್ರು. ಆವತ್ತು ಗೊತ್ತಾಯ್ತು."

"ಅವರಿಗೆ ಹೇಳ್ಲಿಲ್ವಾ?"

"ಅವರು ಮುಚ್ಚಿಟ್ಟಿದ್ದನ್ನ ನಾನು ಹೇಗೆ ಬಿಚ್ಚಲಿ? ಹಾರೋದು ಬಿಡಿ ಅಂದ್ರೆ ಬಿಡೋ ಜೀವವಾ ಅದು? ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಮಾರನೇ ದಿನದಿಂದ ಫ್ಲಾಸ್ಕ್ ಹಿಡ್ಕೊಂಡು ಹಿಂದೆ ಹೊರಟೆ. ಅವರ ಹಿಮ್ಮಡಿ ಪಕ್ಕ ನನ್ನ ಹಿಮ್ಮಡಿ. ಅವರಿಗೆ ಗೊತ್ತಾಗದೇ ಇದ್ದದ್ದು ನನಗೆ ಗೊತ್ತಾಗುತ್ತಲ್ಲ."

"ಮೆತ್ತಗೆ ಸಿಕ್ಕಾಗ?"

ಅಕ್ಕನ ಮುಖದಲ್ಲಿ ಸಣ್ಣ ನಗು ಬಂತು. "ಆರು ಸಲ ಸಿಕ್ಕಿತ್ತು. ಪ್ರತಿ ಸಲ ಅಯ್ಯೋ ಕಾಲು ಉಳುಕ್ತು ಅಂತ ಅಲ್ಲೇ ಕೂತುಬಿಡೋದು. ಅವರು ಬಂದು, ಬಗ್ಗಿ, ಕೈಯಲ್ಲಿ ಒತ್ತಿ, ನೋಡಿದ್ಯಾ, ಇಲ್ಲಿ ನೆಲ ಮೆತ್ತಗಿದೆ, ಅದಕ್ಕೇ ನಿನ್ನ ಕಾಲು ಉಳುಕಿದ್ದು ಅಂತ ನನಗೆ ಪಾಠ ಹೇಳಿ, ಕೆಂಪು ಬಾವುಟ ಊರೋರು. ಅವರೇ ಕಂಡುಹಿಡಿದ ಹಾಗೆ."

"ಮತ್ತೆ ಆವತ್ತು?"

ನಗು ಹೋಯಿತು. "ಆವತ್ತು ಆ ಹುಡುಗಿ ಜೊತೆಗಿದ್ದಳು. ಇಬ್ಬರೂ ಮಾತಾಡ್ಕೊಂಡು ತುಂಬಾ ಮುಂದೆ ಹೋಗಿದ್ರು. ಇಲ್ಲಿ ನನ್ನ ಹಿಮ್ಮಡಿ ಪುಸಕ್ ಅಂತ ಹೂತಿತು. ಮೂರು ಸಲ ಒತ್ತಿ ನೋಡಿದೆ. ಕೂಗಿದ್ರೆ, ನೀವು ನೋಡಿದ್ದು ತಪ್ಪು ಅಂತ ಶಿಷ್ಯೆ ಮುಂದೆ ಹೇಳಿದ ಹಾಗಾಗುತ್ತೆ. ಅವರ ಮರ್ಯಾದೆ ಏನಾಗಬೇಕು? ಜಾಗದ ಗುರುತಿಗೆ ನನ್ನ ಕರವಸ್ತ್ರ ಹಾಸಿದೆ. ಹಾರಿಹೋಗದೆ ಇರ್ಲಿ ಅಂತ ತಲೆಯಿಂದ ಪಿನ್ನು ತೆಗೆದು ಹುಲ್ಲಿಗೆ ಚುಚ್ಚಿದೆ. ಹುಲ್ಲಜ್ಜನ್ನ ಕರ್ಕೊಂಡು ಬಂದು, ಅವನೇ ನೋಡಿದ ಹಾಗೆ ಬಾವುಟ ಊರಿಸೋಣ ಅಂತ ಷೆಡ್ಡಿಗೆ ಓಡಿದೆ."

ಗಡಿಬಿಡಿ ಪಕ್ಕದಲ್ಲಿ ಕೂತು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ವಾಪಸ್ ಬಂದ್ರೆ ಕರವಸ್ತ್ರ ಇಲ್ಲ," ಎಂದರು ಅಕ್ಕ. "ಹುಲ್ಲೆಲ್ಲ ಒಂದೇ ಥರ. ಇಬ್ಬರೂ ಹುಡುಕ್ತಾ ಇದ್ದೀವಿ, ಅಷ್ಟರಲ್ಲಿ ಹೆಲಿಕಾಪ್ಟರ್ ಬಂದೇಬಿಡ್ತು. ನಾನು ಎರಡೂ ಕೈ ಎತ್ತಿ ಬೀಸಿದೆ, ಬರಬೇಡಿ ಅಂತ. ದಿನಾ ಬೀಸ್ತೀನಲ್ಲ, ಹಾಗೇ ಅಂದ್ಕೊಂಡ್ರು. ಒಳಗಿಂದ ಅವರೂ ನಗ್ತಾ ಕೈ ಬೀಸಿದ್ರು."

ಅವರು ಫ್ಲಾಸ್ಕನ್ನು ಮಡಿಲಿಗೆ ಎಳೆದುಕೊಂಡು ಅತ್ತರು. ಸದ್ದಿಲ್ಲದ ಅಳು, ನಾಲ್ಕು ದಿನದಿಂದ ಅತ್ತು ಅಭ್ಯಾಸವಾಗಿಹೋದದ್ದು. ಗಡಿಬಿಡಿ ಅವರ ಬೆನ್ನ ಮೇಲೆ ಕೈ ಇಟ್ಟಳು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು, ಒಬ್ಬರಿಗೊಬ್ಬರು ನೋವಾಗದಿರಲೆಂದು ಒಂದೇ ಗುಟ್ಟನ್ನು ಇಬ್ಬರೂ ಬಚ್ಚಿಟ್ಟುಕೊಂಡಿದ್ದರು. ಅವಳಿಗೂ ಕಣ್ಣು ತುಂಬಿತು.

"ಹುಲ್ಲಜ್ಜನಿಗೆ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದೀನಿ. ಆದ್ರೆ ನಿನಗೆ ಹೇಳ್ತೀನಿ. ಆವತ್ತು ಗಾಳಿ ಇರ್ಲಿಲ್ಲ. ಪಿನ್ನು ಬುಡದವರೆಗೂ ಚುಚ್ಚಿದ್ದೆ. ಅದು ತಾನಾಗಿ ಹೋಗಿಲ್ಲ, ಯಾರೋ ಕಿತ್ತಿದಾರೆ. ಮ್ಯಾನೇಜರೋ, ಪೈಪಿನವರೋ, ಇನ್ಯಾರೋ. ಪೈಪ್ ಹಾಕಿದ್ದನ್ನಾದ್ರೂ ಕ್ಷಮಿಸಿಬಿಡ್ತೀನಿ. ಆ ಗುರುತು ಕಿತ್ತ ಕೈ ಇದೆಯಲ್ಲ, ಆ ಕೈಯನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ. ನೀನು ಹುಡುಕಿಕೊಡಬೇಕು. ಕೊಡ್ತೀನಿ ಅಂತ ಮಾತು ಕೊಡು."

ಗಡಿಬಿಡಿಯ ಕೈ ತೊಡೆಯ ಮೇಲಿದ್ದ ಚೀಲವನ್ನು ಒತ್ತಿಹಿಡಿದಿತ್ತು. ಬಟ್ಟೆಯ ಮೂಲಕ ಪಿನ್ನಿನ ಮೊನೆ ಅಂಗೈಗೆ ತಾಗುತ್ತಿತ್ತು. ನಡಿಗೆ ಮುಗಿಸಿ ಯಂತ್ರದ ಕಡೆ ವಾಪಸ್ ಬರುತ್ತಿದ್ದ ಮೇಷ್ಟ್ರ ಕಣ್ಣಿಗೆ ಹುಲ್ಲಿನ ಮೇಲೆ ಹಳದಿ ಬಣ್ಣ ಬಿದ್ದಿರಬೇಕು, ಬಗ್ಗಿ ಎತ್ತಿಕೊಂಡಿರಬೇಕು. ಬೀಳಿಸೋದು ಅವಳ ಕೆಲಸ, ಆರಿಸೋದು ನನ್ನ ಕೆಲಸ.

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಮೇಲಿನ ಮಹಡಿಯಿಂದ ಮಂಚದ ಕರೆಗಂಟೆಯ ಸದ್ದು ಮೆಟ್ಟಿಲುಗುಂಟ ಇಳಿದುಬಂತು.

"ಅವರೇ ಇರ್ಬೇಕು, ನೀರು ಕೇಳ್ತಿದಾರೆ," ಎಂದು ಅಕ್ಕ ಕಣ್ಣೊರೆಸಿಕೊಂಡು ಎದ್ದರು. ಎದ್ದವರು ನೆನಪಾದ ಹಾಗೆ ನಿಂತು, ಗಡಿಬಿಡಿಯ ಕಡೆ ಕೈ ಚಾಚಿದರು.

"ಏನೋ ಕೊಡೋದಿದೆ ಅಂದ್ಯಲ್ಲ. ಏನದು?"